ಬೀರುವಿನಲ್ಲಿ ಎತ್ತಿಟ್ಟ ವೈನ್: ಇನ್ನೂ ಇಡುವುದೋ, ಈಗಲೇ ತೆರೆಯುವುದೋ?

ವೈನ್ ಕುಡಿಯುವ ಅಭ್ಯಾಸವಿರುವ ಮನೆಗಳಲ್ಲಿ "ಇದು ಈಗ ಬೇಡ, ಒಳ್ಳೆಯ ದಿನಕ್ಕಿರಲಿ" ಎಂದು ಎತ್ತಿಟ್ಟ ಬಾಟಲಿ ಒಂದಾದರೂ ಇರುತ್ತದೆ. ವಿದೇಶದಲ್ಲಿರುವ ಮಗಳು ರಜೆಗೆ ಬಂದಾಗ ತಂದದ್ದು, ಮದುವೆಯ ಬೆಳ್ಳಿಹಬ್ಬಕ್ಕೆ ಗೆಳೆಯರು ಕೊಟ್ಟದ್ದು, ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಯಲ್ಲಿ ಮನಸ್ಸು ಗಟ್ಟಿಮಾಡಿ ಕೊಂಡದ್ದು. ಭಾರತಕ್ಕೆ ಬರುವ ಪ್ರಯಾಣಿಕರು ಸುಂಕ ಕಟ್ಟದೆ ತರಬಹುದಾದ ಮದ್ಯ ಎರಡು ಲೀಟರ್ ಮಾತ್ರ. ಎಂದರೆ 750 ಮಿಲಿಲೀಟರಿನ ಎರಡೇ ಬಾಟಲಿ. ಅಷ್ಟು ಅಳೆದು ಸುರಿದು ಆರಿಸಿ ತಂದದ್ದನ್ನು ಯಾವುದೋ ಒಂದು ಶನಿವಾರ ಸುಮ್ಮನೆ ತೆರೆಯಲು ಕೈ ಬರುವುದಿಲ್ಲ. ಹೀಗೆ ಬೇಸಿಗೆಯ ಮೇಲೆ ಬೇಸಿಗೆ ಕಳೆಯುತ್ತದೆ.

ಎತ್ತಿಟ್ಟ ಸೀರೆಯೋ ಚಿನ್ನವೋ ಆಗಿದ್ದರೆ ಚಿಂತೆಯಿರಲಿಲ್ಲ. ವೈನ್ ಬಾಟಲಿಯೊಳಗೂ ಬದಲಾಗುತ್ತಲೇ ಇರುತ್ತದೆ. ಬೆರಳೆಣಿಕೆಯ ಬಗೆಗಳು ಕಾಲದೊಂದಿಗೆ ಉತ್ತಮವಾಗುತ್ತವೆ, ಉಳಿದವು ಸದ್ದಿಲ್ಲದೆ ಕುಂದುತ್ತವೆ. ಆದ್ದರಿಂದ ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಮನೆಯಲ್ಲಿ ವೈನಿಗೆಂದೇ ತಂಪಾದ ಜಾಗವಿಲ್ಲದಿದ್ದರೆ, ಎತ್ತಿಟ್ಟ ಬಾಟಲಿಗಳಲ್ಲಿ ಬಹುಪಾಲನ್ನು ಬರುವ ಬೇಸಿಗೆಗೆ ಮೊದಲು ತೆರೆಯಬೇಕು. ನಿಜವಾಗಿ ಇಡತಕ್ಕ ಬಾಟಲಿಗಳೂ ಇವೆ. ಅವನ್ನು ಬೇರ್ಪಡಿಸುವುದು ಹೇಗೆ, ಇಡುವುದಾದರೆ ಎಲ್ಲಿ, ತೆರೆಯುವ ದಿನ ಏನೇನು ಮಾಡಬೇಕು ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮೊದಲ ಹೆಜ್ಜೆ: ಬಾಟಲಿ ಯಾವ ಬಗೆಯದೆಂದು ತಿಳಿಯಿರಿ

ಬಾಟಲಿಯನ್ನು ಕೈಗೆತ್ತಿಕೊಂಡು ಲೇಬಲ್ಲಿನಲ್ಲಿ ನಾಲ್ಕು ವಿಷಯ ಹುಡುಕಿ: ಪ್ರದೇಶ, ದ್ರಾಕ್ಷಿಯ ತಳಿ, ಕೊಯ್ಲಿನ ವರ್ಷ, ತಯಾರಕರ ಹೆಸರು. ಬೆಲೆಯನ್ನು ಸದ್ಯಕ್ಕೆ ಮರೆತುಬಿಡಿ. ದುಬಾರಿಯಾದ ಮಾತ್ರಕ್ಕೆ ವೈನ್ ಬಾಳಿಕೆ ಬರುತ್ತದೆ ಎಂದೇನಿಲ್ಲ.

ವೈನನ್ನು ವರ್ಷಗಟ್ಟಲೆ ಕಾಪಾಡುವುದು ನಾಲ್ಕು ಗುಣಗಳು: ಒಗರು, ಹುಳಿ, ಸಿಹಿ ಮತ್ತು, ಕೆಲವು ಬಗೆಗಳಲ್ಲಿ, ಹೆಚ್ಚಿನ ಆಲ್ಕೋಹಾಲ್. ಕೆಂಪು ವೈನಿನ ಒಗರಿಗೆ ಕಾರಣ ಟ್ಯಾನಿನ್. ಎಳೆ ಅಡಿಕೆ ಜಗಿದಾಗ ಬಾಯಿ ಬಿಗಿಯುವಂತೆ ಮಾಡುವುದೂ ಇದೇ ಜಾತಿಯ ವಸ್ತು. ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಓಕ್ ಪೀಪಾಯಿಯಿಂದ ಅದು ವೈನಿಗೆ ಇಳಿಯುತ್ತದೆ. ವರ್ಷಗಳು ಕಳೆದಂತೆ ಟ್ಯಾನಿನ್ ಕಣಗಳು ಪರಸ್ಪರ ಮತ್ತು ಬಣ್ಣದ ಕಣಗಳೊಂದಿಗೆ ಕೂಡಿಕೊಂಡು, ಭಾರವಾಗಿ, ಚರಟವಾಗಿ ತಳಕ್ಕಿಳಿಯುತ್ತವೆ. ಆಗ ವೈನ್ ಮೆತ್ತಗಾಗುತ್ತದೆ. ಹೊಸ ಹಣ್ಣಿನ ಪರಿಮಳ ಹಿಂದೆ ಸರಿದು ಚರ್ಮ, ಒಣ ಎಲೆ, ಅಣಬೆ, ತಂಬಾಕು, ಒಣದ್ರಾಕ್ಷಿಯ ಪರಿಮಳಗಳು ಮುಂದೆ ಬರುತ್ತವೆ. ಹಳೆಯ ವೈನಿನ ಹೆಸರೆಲ್ಲ ಈ ಬದಲಾವಣೆಯಿಂದ ಬಂದದ್ದು. ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು: ಈ ಪರಿಮಳ ಎಲ್ಲರಿಗೂ ಹಿಡಿಸುವುದಿಲ್ಲ. ತಾಜಾ ಹಣ್ಣಿನ ರುಚಿಯೇ ನಿಮಗೆ ಇಷ್ಟವೆಂದಾದರೆ ಹತ್ತು ವರ್ಷ ಕಾಯುವುದರಲ್ಲಿ ಅರ್ಥವೇ ಇಲ್ಲ. ಆ ಇಷ್ಟದಲ್ಲಿ ಕೀಳರಿಮೆಗೆ ಕಾರಣವೂ ಇಲ್ಲ.

ಈಗ ನಿಮ್ಮ ಬಾಟಲಿ ಎಲ್ಲಿ ಸೇರುತ್ತದೆ ನೋಡಿ. ನ್ಯೂಜಿಲೆಂಡಿನ ಮಾರ್ಲ್‌ಬರೋದ ಸೊವಿನ್ಯೋಂ ಬ್ಲಾಂಕ್, ಇಟಲಿಯ ಪ್ರೊಸೆಕ್ಕೊ, ಯಾವುದೇ ದೇಶದ ಗುಲಾಬಿ ಬಣ್ಣದ ರೋಸೆ: ಇವೆಲ್ಲ ತಾಜಾತನಕ್ಕಾಗಿ ಮಾಡಿದವು. ಕೊಂಡ ವರ್ಷವೇ ಕುಡಿಯಬೇಕು. ನವೆಂಬರ್ ತಿಂಗಳ ಮೂರನೆಯ ಗುರುವಾರ ಬಿಡುಗಡೆಯಾಗುವ ಬೋಜೊಲೆ ನುವೊ ಅಂತೂ ಕೆಲವೇ ತಿಂಗಳುಗಳ ಅತಿಥಿ. ವರ್ಷ ನಮೂದಿಸದ ಶಾಂಪೇನನ್ನು ತಯಾರಕರು ಬಾಟಲಿ ತುಂಬಿಸಿದ ಮೇಲೆ ಕನಿಷ್ಠ 15 ತಿಂಗಳು, ವರ್ಷ ನಮೂದಿಸಿದ್ದನ್ನು ಕನಿಷ್ಠ ಮೂರು ವರ್ಷ ತಮ್ಮ ನೆಲಮಾಳಿಗೆಯಲ್ಲಿ ಇಟ್ಟೇ ಮಾರುತ್ತಾರೆ. ಸ್ಪೇನಿನ ರಿಯೋಹಾ ಗ್ರಾನ್ ರೆಸರ್ವಾ ಐದು ವರ್ಷ ಮಾಗಿದ ನಂತರವೇ ಅಂಗಡಿಗೆ ಬರುತ್ತದೆ. ಇವನ್ನು ನೀವು ಇನ್ನಷ್ಟು ಇಡಬಹುದು, ಆದರೆ ಇಡಲೇಬೇಕು ಎಂಬ ಒತ್ತಾಯವಿಲ್ಲ. ಕಾಯುವ ಕೆಲಸವನ್ನು ನಿಮ್ಮ ಪರವಾಗಿ ಬೇರೆಯವರು ಮಾಡಿ ಮುಗಿಸಿದ್ದಾರೆ.

ಕಾಯಬೇಕಾದವು ಬೇರೆಯೇ. ಫ್ರಾನ್ಸಿನ ಬೋರ್ಡೊ ಪ್ರದೇಶದ ಹೆಸರಾಂತ ತೋಟಗಳ ಕ್ಯಾಬರ್ನೆ ಸೊವಿನ್ಯೋಂ ಮಿಶ್ರಣಗಳು, ಇಟಲಿಯ ಬರೋಲೊ, ಉತ್ತರ ರೋನ್ ಕಣಿವೆಯ ಸಿರಾ, ಜರ್ಮನಿಯ ಮೋಸೆಲ್ ನದಿ ಕಣಿವೆಯ ಸಿಹಿ ರೀಸ್ಲಿಂಗ್, ಬೋರ್ಡೊ ಪ್ರದೇಶದ್ದೇ ಸಿಹಿ ವೈನಾದ ಸೊಟೆರ್ನ್, ಪೋರ್ಚುಗಲ್ಲಿನ ಸಿಹಿ ವೈನಾದ ವಿಂಟೇಜ್ ಪೋರ್ಟ್. ಬರೋಲೊ ಕಾನೂನಿನ ಪ್ರಕಾರ ಕನಿಷ್ಠ 38 ತಿಂಗಳು ಮಾಗಿಯೇ ಹೊರಬರುತ್ತದೆ, ಆದರೂ ಆಗ ಅದರ ಒಗರು ಬಾಯಿ ಕಟ್ಟುವಷ್ಟಿರುತ್ತದೆ. ವಿಂಟೇಜ್ ಪೋರ್ಟನ್ನು ಕೊಯ್ಲಾದ ಎರಡು ಮೂರು ವರ್ಷಕ್ಕೇ ಬಾಟಲಿಗೆ ತುಂಬಿಸುತ್ತಾರೆ, ನಿಜವಾದ ಮಾಗುವಿಕೆ ಮುಂದಿನ ಎರಡು ದಶಕಗಳಲ್ಲಿ ಬಾಟಲಿಯೊಳಗೇ ಆಗುತ್ತದೆ. ಲೇಬಲ್ಲಿನಲ್ಲಿ "ಟಾನಿ" ಎಂದಿದ್ದರೆ ಕಥೆ ತಿರುಗುಮುರುಗು: ಅದು ಪೀಪಾಯಿಯಲ್ಲೇ ಮಾಗಿದ ಪೋರ್ಟ್. ಹತ್ತು ವರ್ಷದ್ದಾಗಲಿ ಇಪ್ಪತ್ತು ವರ್ಷದ್ದಾಗಲಿ, ತಂದ ದಿನವೇ ಕುಡಿಯಲು ಸಿದ್ಧ. ಗೋವಾದ ಅಂಗಡಿಗಳಲ್ಲಿ ಪೋರ್ಟ್ ಎಂಬ ಹೆಸರಿನಲ್ಲಿ ಸಿಗುವ ಅಗ್ಗದ ಸಿಹಿ ವೈನಿಗೂ ಪೋರ್ಚುಗಲ್ಲಿನ ಪೋರ್ಟಿಗೂ ಸಂಬಂಧವಿಲ್ಲ. ಅದನ್ನು ಇಡುವ ಪ್ರಶ್ನೆಯೇ ಏಳುವುದಿಲ್ಲ.

ನಮ್ಮದೇ ನೆಲದ ವೈನುಗಳ ಮಾತು. ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ತೋಟದ ಲಾ ರಿಸರ್ವ್, ಕೊಪ್ಪಳ ಜಿಲ್ಲೆಯ ಕೃಷ್ಮಾ ತೋಟದ ಕ್ಯಾಬರ್ನೆ, ನಾಶಿಕದ ಸುಲಾದವರ ರಾಸಾ ಶಿರಾಜ್ ಇವೆಲ್ಲ ಓಕ್ ಕಂಡ, ಒಗರಿರುವ ಕೆಂಪು ವೈನುಗಳು. ಸರಿಯಾದ ತಂಪಿನಲ್ಲಿ ಕೊಯ್ಲಿನಿಂದ ಐದಾರು ವರ್ಷ ಇವು ಚೆನ್ನಾಗಿ ನಿಲ್ಲುತ್ತವೆ ಎಂಬುದು ನನ್ನ ಅಭಿಪ್ರಾಯ. ಅದಕ್ಕಿಂತ ಹೆಚ್ಚು ಕಾಯಿಸಲು ನಾನು ಹೇಳುವುದಿಲ್ಲ. ವರ್ಷ ಲೆಕ್ಕ ಹಾಕುವಾಗ ನೆನಪಿಡಿ: ದಖ್ಖನಿನಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಚಳಿಗಾಲದ ಕೊನೆಗೆ, ಬೇಸಿಗೆಯ ಹೊಸ್ತಿಲಲ್ಲಿ ನಡೆಯುತ್ತದೆ. ಯುರೋಪಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್. ಹಾಗಾಗಿ ಒಂದೇ ವರ್ಷ ನಮೂದಾಗಿದ್ದರೂ ನಮ್ಮ ಬಾಟಲಿ ಅರ್ಧ ವರ್ಷಕ್ಕೆ ಹಿರಿಯದು.

ಕೊಡಗಿನ ಮನೆಗಳಲ್ಲೂ ಮಂಗಳೂರಿನ ಕ್ರೈಸ್ತ ಕುಟುಂಬಗಳಲ್ಲೂ ಮನೆಯಲ್ಲೇ ಮಾಡುವ ವೈನ್ ಉಡುಗೊರೆಯಾಗಿ ಬಂದಿದ್ದರೆ ಅದು ಪ್ರೀತಿಯ ವಸ್ತು, ದಾಸ್ತಾನಿನ ವಸ್ತುವಲ್ಲ. ಬೆಂಗಳೂರು ನೀಲಿ ದ್ರಾಕ್ಷಿಯಂಥ ಹಣ್ಣಿಗೆ ಸಕ್ಕರೆ ಸೇರಿಸಿ ಮಾಡಿದ ಇಂಥ ವೈನಿನಲ್ಲಿ ಸಾಮಾನ್ಯವಾಗಿ ಸಂರಕ್ಷಕಗಳಿರುವುದಿಲ್ಲ, ಕೆಲವೊಮ್ಮೆ ಹುದುಗುವಿಕೆಯೂ ಪೂರ್ತಿ ನಿಂತಿರುವುದಿಲ್ಲ. ಬಿಸಿ ಜಾಗದಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒಳಗಿನ ಒತ್ತಡಕ್ಕೆ ಬಿರಡೆ ಹಾರಬಹುದು, ಗಾಜು ಒಡೆಯಲೂಬಹುದು. ಫ್ರಿಜ್ಜಿನಲ್ಲಿಡಿ, ಬೇಗ ಕುಡಿಯಿರಿ, ಕೊಟ್ಟವರಿಗೆ ಹೇಗಿತ್ತೆಂದು ಹೇಳಿ.

ಎರಡನೆಯ ಹೆಜ್ಜೆ: ಇಷ್ಟು ದಿನ ಅದು ಎಲ್ಲಿತ್ತು?

ಕೂಡಿಟ್ಟ ವೈನಿನ ದೊಡ್ಡ ಶತ್ರು ಉಷ್ಣತೆ. ಮಾಗಿಸಲು ಸೂಕ್ತವೆಂದು ಎಲ್ಲೆಡೆ ಒಪ್ಪಿರುವುದು 12ರಿಂದ 14 ಡಿಗ್ರಿ ಸೆಲ್ಸಿಯಸ್. ಉಷ್ಣತೆ ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಸರಿಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಒಂದು ಸ್ಥೂಲ ಲೆಕ್ಕ. ಬೆಂಗಳೂರಿನಲ್ಲೇ ಏಪ್ರಿಲ್ ತಿಂಗಳ ಹಗಲಿನ ಗರಿಷ್ಠ ಉಷ್ಣತೆ 34 ಡಿಗ್ರಿ ದಾಟುವುದು ಸಾಮಾನ್ಯ, ಕಲಬುರಗಿ ರಾಯಚೂರುಗಳಲ್ಲಿ 40 ದಾಟುತ್ತದೆ. ಅಂಥ ಕಡೆ ಬೀರುವಿನಲ್ಲಿ ಎರಡು ಬೇಸಿಗೆ ಕಳೆದ ಬಾಟಲಿ ತನ್ನ ವಯಸ್ಸಿಗಿಂತ ಬಹಳ ಮುಂದೆ ಹೋಗಿರುತ್ತದೆ. ಬಿಸಿಯಲ್ಲಿ ಆದ ವಯಸ್ಸು ತಂಪಿನಲ್ಲಿ ಆದ ವಯಸ್ಸಿನಂತೆ ಇರುವುದೂ ಇಲ್ಲ. ಸೂಕ್ಷ್ಮ ಪರಿಮಳಗಳು ಹುಟ್ಟುವ ಮೊದಲೇ ಹಣ್ಣಿನ ರುಚಿ ಬೆಂದ ಜಾಮಿನ ರುಚಿಗೆ ತಿರುಗುತ್ತದೆ.

ಅದಕ್ಕಾಗಿ ಬಾಟಲಿಯನ್ನು ಪರೀಕ್ಷಿಸಿ. ಬಿರಡೆಯ ಮೇಲಿನ ಹೊದಿಕೆ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಅಂಟಿಕೊಂಡಿದ್ದರೆ ಒಳಗಿನಿಂದ ವೈನ್ ಜಿನುಗಿರುವ ಸಂಭವವಿದೆ. ಬಿರಡೆ ಬಾಟಲಿಯ ಬಾಯಿಗಿಂತ ಮೇಲೆ ಉಬ್ಬಿದ್ದರೆ ಬಿಸಿಗೆ ವೈನ್ ಹಿಗ್ಗಿ ಅದನ್ನು ತಳ್ಳಿದೆ ಎಂದೇ ಅರ್ಥ. ನಂತರ ವೈನಿನ ಮಟ್ಟ ನೋಡಿ. ಹತ್ತು ವರ್ಷದೊಳಗಿನ ಬಾಟಲಿಯಲ್ಲಿ ಮಟ್ಟ ಕತ್ತಿನಲ್ಲೇ ಇರಬೇಕು, ಹೆಗಲಿಗೆ ಇಳಿದಿದ್ದರೆ ಅನುಮಾನಿಸಿ. ಮೂವತ್ತು ವರ್ಷದ ಬಾಟಲಿಯಲ್ಲಾದರೆ ಹೆಗಲಿನ ಮೇಲ್ಭಾಗಕ್ಕೆ ಇಳಿದಿರುವುದು ಸಹಜ. ಕೊನೆಗೆ ಕತ್ತಲಲ್ಲಿ ಬಾಟಲಿಯ ಕತ್ತಿನ ಹಿಂದೆ ಮೊಬೈಲಿನ ಟಾರ್ಚ್ ಹಿಡಿಯಿರಿ. ಎಳೆಯ ಕೆಂಪು ವೈನ್ ನೇರಳೆಯಾಗಿ ಕಾಣುತ್ತದೆ, ಮಾಗಿದ್ದು ಇಟ್ಟಿಗೆಯ ಬಣ್ಣಕ್ಕೆ ತಿರುಗಿರುತ್ತದೆ. ಸಿಹಿಯಲ್ಲದ, ನಾಲ್ಕೈದು ವರ್ಷದ ಬಿಳಿ ವೈನ್ ಕಂದು ಬಣ್ಣಕ್ಕೆ ಬಂದಿದ್ದರೆ ಅದಕ್ಕೆ ಇನ್ನು ಕಾಯಬೇಕಾದ ಕೆಲಸವಿಲ್ಲ.

ಇವುಗಳಲ್ಲಿ ಯಾವ ಲಕ್ಷಣ ಕಂಡರೂ ತೀರ್ಮಾನ ಒಂದೇ: ಈ ವಾರವೇ ತೆರೆಯಿರಿ. ಹಾಳಾಗಿರಬಹುದು, ಆಗಿರದೆಯೂ ಇರಬಹುದು. ಇಟ್ಟರೆ ಮಾತ್ರ ಸುಧಾರಿಸುವುದಿಲ್ಲ.

ಮೂರನೆಯ ಹೆಜ್ಜೆ: ಇಡುವ ಜಾಗ ನಿಮ್ಮಲ್ಲಿದೆಯೇ?

ಬಾಟಲಿ ಇಡತಕ್ಕ ಬಗೆಯದು, ಆರೋಗ್ಯವಾಗಿಯೂ ಇದೆ ಎಂದಿಟ್ಟುಕೊಳ್ಳೋಣ. ಮುಂದಿನದು ಮನೆಯ ಪ್ರಶ್ನೆ. ಗರಿಷ್ಠ, ಕನಿಷ್ಠ ಉಷ್ಣತೆ ಎರಡನ್ನೂ ನೆನಪಿಟ್ಟುಕೊಳ್ಳುವ ಚಿಕ್ಕ ಡಿಜಿಟಲ್ ಥರ್ಮಾಮೀಟರ್ ತಂದು ಬಾಟಲಿಯ ಪಕ್ಕದಲ್ಲೇ ಒಂದು ವಾರ ಇಡಿ. ವೈನಿನ ವಿಷಯದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ನಿಜ ಹೇಳುವ ಸಾಧನ ಇನ್ನೊಂದಿಲ್ಲ. 20 ಡಿಗ್ರಿಗಿಂತ ಕೆಳಗೆ ವರ್ಷವಿಡೀ ನಿಂತರೆ ಕೆಲವು ವರ್ಷ ಧೈರ್ಯವಾಗಿ ಇಡಬಹುದು. ಮಡಿಕೇರಿಯಂಥ ಕಡೆ, ದಪ್ಪ ಮಣ್ಣಿನ ಗೋಡೆಯ ಹಳೆಯ ಮನೆಯ ಒಳಕೋಣೆಯಲ್ಲಿ ಇದಕ್ಕೆ ಹತ್ತಿರ ಬರಬಹುದು. 25ರಿಂದ 30ರ ನಡುವೆ ಓಲಾಡುತ್ತಿದ್ದರೆ ತಿಂಗಳುಗಳ ಲೆಕ್ಕ ಹಾಕಿ, ವರ್ಷಗಳದ್ದು ಬೇಡ.

ಫ್ರಿಜ್ಜಿನ ಮೇಲ್ಭಾಗ, ಅಡುಗೆಮನೆಯ ಅಟ್ಟ, ದೀಪ ಹಾಕಿದ ಷೋಕೇಸ್, ಪಶ್ಚಿಮದ ಬಿಸಿಲು ಬೀಳುವ ಗೋಡೆಯ ಬೀರು: ಈ ನಾಲ್ಕು ಜಾಗಗಳಲ್ಲಿ ಬಾಟಲಿ ಇದ್ದರೆ ಲೇಖನದ ಉಳಿದ ಭಾಗ ಓದುವ ಮೊದಲು ಅದನ್ನು ಅಲ್ಲಿಂದ ತೆಗೆಯಿರಿ. ತಾತ್ಕಾಲಿಕವಾಗಿ ಮನೆಯ ನಡುವಿನ, ಕಿಟಕಿಯಿಲ್ಲದ ಮೂಲೆಯಲ್ಲಿ, ನೆಲಮಟ್ಟದಲ್ಲಿ, ಥರ್ಮಾಕೋಲ್ ಪೆಟ್ಟಿಗೆಯೊಳಗೆ ಮಲಗಿಸಿಡಬಹುದು. ಪೆಟ್ಟಿಗೆ ತಂಪು ಮಾಡುವುದಿಲ್ಲ, ಆದರೆ ಹಗಲು ರಾತ್ರಿಯ ಏರಿಳಿತವನ್ನು ತಗ್ಗಿಸುತ್ತದೆ. ಬಾಟಲಿಯನ್ನು ಮಲಗಿಸುವುದು ಬಿರಡೆ ಒಣಗಿ ಸೊರಗದಿರಲೆಂದು. ತಿರುಪು ಮುಚ್ಚಳದ ಬಾಟಲಿಗೆ ಇದು ಬೇಕಿಲ್ಲ. ತಿರುಪು ಮುಚ್ಚಳವೆಂದರೆ ಕಳಪೆ ವೈನ್ ಎಂದು ತಿಳಿಯಲೂಬೇಡಿ: ಆಸ್ಟ್ರೇಲಿಯಾದ ಕ್ಲೇರ್ ಕಣಿವೆಯ ರೀಸ್ಲಿಂಗ್ ತಯಾರಕರು 2000ನೆಯ ಇಸವಿಯಲ್ಲಿ ಒಟ್ಟಾಗಿ ಅದಕ್ಕೆ ಬದಲಾದರು, ಆ ವೈನುಗಳು ದೀರ್ಘಕಾಲ ಬಾಳುವಂಥವು.

ಅಡುಗೆಮನೆಯ ಫ್ರಿಜ್? ತೀರಾ ತಂಪು, ತೀರಾ ಒಣ, ವರ್ಷಗಟ್ಟಲೆ ಇಡುವ ಜಾಗವಲ್ಲ. ಆದರೆ ಬೇಸಿಗೆಯ ಮೂರು ತಿಂಗಳು ಬಿಸಿ ಬೀರುವಿನಲ್ಲಿರುವುದಕ್ಕಿಂತ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿರುವುದು ಎಷ್ಟೋ ವಾಸಿ. ವೈನಿಗೆಂದೇ ಮಾಡಿದ ಚಿಕ್ಕ ಫ್ರಿಜ್ ಕೊಳ್ಳುವುದಾದರೆ ಕಂಪ್ರೆಸರ್ ಇರುವುದನ್ನೇ ಆರಿಸಿ. ಥರ್ಮೋಎಲೆಕ್ಟ್ರಿಕ್ ಬಗೆಯವು ಕೋಣೆಯ ಉಷ್ಣತೆಗಿಂತ ಒಂದು ಮಿತಿಯಷ್ಟೇ ಕೆಳಗಿಳಿಯಬಲ್ಲವು, ನಮ್ಮ ಏಪ್ರಿಲ್‌ನಲ್ಲಿ ಸೋತುಹೋಗುತ್ತವೆ. ಒಂದೆರಡು ಗಂಟೆ ವಿದ್ಯುತ್ ಹೋದರೆ ಗಾಬರಿ ಬೇಡ, ಬಾಗಿಲು ತೆರೆಯದಿದ್ದರೆ ಸಾಕು. ಒಂದೇ ಬಾಟಲಿಗಾಗಿ ಫ್ರಿಜ್ ಕೊಳ್ಳಲು ಮಾತ್ರ ನಾನು ಹೇಳುವುದಿಲ್ಲ. ಆ ಹಣದಲ್ಲಿ ಇನ್ನೊಂದು ಒಳ್ಳೆಯ ಬಾಟಲಿ ಬರುತ್ತದೆ. ಹಲವು ಬಾಟಲಿ ಕೂಡಿಡುವವರು ಮನೆಯಲ್ಲಿ ಎಷ್ಟು ಮದ್ಯ ಇಟ್ಟುಕೊಳ್ಳಬಹುದೆಂಬ ಅಬಕಾರಿ ನಿಯಮದ ಮಿತಿಯನ್ನೂ ನೋಡಿಕೊಳ್ಳಬೇಕು.

ಮನೆ ಬಿಸಿ, ಆದರೂ ಒಂದು ವೈನನ್ನು ವರ್ಷಗಟ್ಟಲೆ ಇಡುವ ಆಸೆ ಇದ್ದವರಿಗೆ ಉತ್ತರ ಮದೀರಾ. ಅಟ್ಲಾಂಟಿಕ್ ಸಾಗರದ ಪೋರ್ಚುಗೀಸ್ ದ್ವೀಪವೊಂದರ ಈ ವೈನನ್ನು ಮಾಡುವ ಕ್ರಮದಲ್ಲೇ ಬಿಸಿ ಮಾಡುತ್ತಾರೆ, ಗಾಳಿಗೂ ಒಡ್ಡುತ್ತಾರೆ. ಹಡಗಿನ ಕಾಲದಲ್ಲಿ ಪೀಪಾಯಿಗಳು ಉಷ್ಣವಲಯ ದಾಟಿ ಭಾರತದ ದಾರಿಯಲ್ಲಿ ಹೋಗಿಬಂದಾಗ ವೈನ್ ಕೆಡದೆ ಇನ್ನಷ್ಟು ರುಚಿಯಾಗಿತ್ತು. ಸುತ್ತಿಬಂದ ಆ ವೈನಿಗೆ ಹೆಚ್ಚು ಬೆಲೆಯೂ ಇತ್ತು. ಆಮೇಲೆ ಅದೇ ಬಿಸಿಯನ್ನು ದ್ವೀಪದಲ್ಲೇ ಕೊಡುವ ಪದ್ಧತಿ ಬೆಳೆಯಿತು. ಕೆಡಿಸಬೇಕಾದದ್ದನ್ನೆಲ್ಲ ಮೊದಲೇ ಉಂಡು ಜೀರ್ಣಿಸಿಕೊಂಡ ವೈನ್ ಇದು. ನಮ್ಮ ಬೀರುವಿಗೆ ಹೆದರುವುದಿಲ್ಲ, ತೆರೆದ ಮೇಲೂ ತಿಂಗಳುಗಟ್ಟಲೆ ಇರುತ್ತದೆ. ವಿದೇಶದಿಂದ ಬರುವವರು "ಏನು ತರಲಿ?" ಎಂದು ಕೇಳಿದರೆ ನಾನು ಹೇಳುವ ಹೆಸರು ಇದೇ.

ನಾಲ್ಕನೆಯ ಹೆಜ್ಜೆ: ಯಾರೊಂದಿಗೆ, ಯಾವಾಗ

ಇಲ್ಲಿಯವರೆಗಿನದು ವೈನಿನ ಲೆಕ್ಕ. ಬಾಟಲಿ ಬೀರುವಿನಲ್ಲೇ ಉಳಿಯಲು ಅದಕ್ಕಿಂತ ದೊಡ್ಡ ಕಾರಣ "ತಕ್ಕ ಸಂದರ್ಭ" ಎಂಬ ನಿರೀಕ್ಷೆ. ಆ ಸಂದರ್ಭ ಬಂದಾಗ ಏನಾಗುತ್ತದೆ ನೋಡಿ. ಗೃಹಪ್ರವೇಶಕ್ಕೋ ನಿಶ್ಚಿತಾರ್ಥದ ಸಂಜೆಗೋ ಮನೆತುಂಬ ಜನ. ಒಂದು ಬಾಟಲಿಯಲ್ಲಿ ಬರುವುದು 125ರಿಂದ 150 ಮಿಲಿಲೀಟರಿನ ಐದಾರು ಲೋಟ. ನಲವತ್ತು ಜನರ ನಡುವೆ ಅದನ್ನು ಯಾರಿಗೆ ಕೊಡುವುದು, ಯಾರಿಗೆ ಬಿಡುವುದು? ಕೊಟ್ಟರೂ ಗದ್ದಲದಲ್ಲಿ ಅದರ ಪರಿಮಳ ಯಾರ ಗಮನಕ್ಕೂ ಬರುವುದಿಲ್ಲ. ದೊಡ್ಡ ಸಮಾರಂಭಕ್ಕೆ ಸಾಧಾರಣ ವೈನ್ ಧಾರಾಳವಾಗಿ ಇರಲಿ. ವಿಶೇಷ ಬಾಟಲಿಗೆ ಮೂರರಿಂದ ಐದು ಜನ, ಒಂದು ಊಟದ ಮೇಜು, ಬಿಡುವಾದ ಸಂಜೆ ಸಾಕು. ಇಂಥ ಸಂಜೆಗೆ ಕ್ಯಾಲೆಂಡರಿನ ಅಪ್ಪಣೆ ಬೇಕಿಲ್ಲ.

ಒಂದು ಕಾಗದದ ಚೀಟಿಯಲ್ಲಿ "ಇಂಥವರೊಂದಿಗೆ, ಇಂಥ ತಿಂಗಳೊಳಗೆ" ಎಂದು ಬರೆದು ಬಾಟಲಿಯ ಕತ್ತಿಗೆ ಕಟ್ಟಿ. ಬರೆಯಲು ಯಾರ ಹೆಸರೂ ತೋಚದಿದ್ದರೆ ನಿಮ್ಮ ಮತ್ತು ಸಂಗಾತಿಯ ಹೆಸರನ್ನೇ ಬರೆಯಿರಿ. ತಿಂಗಳು ತೋಚದವರಿಗೆ ಒಂದು ಸಿದ್ಧ ದಿನವಿದೆ. ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ವೈನ್ ಅಂಕಣ ಬರೆಯುತ್ತಿದ್ದ ಡೊರೊತಿ ಗೇಟರ್, ಜಾನ್ ಬ್ರೆಚರ್ ದಂಪತಿ ಇದೇ ಹಿಂಜರಿಕೆ ಬಿಡಿಸಲು 1999ರಲ್ಲಿ "ಓಪನ್ ದಟ್ ಬಾಟಲ್ ನೈಟ್" ಎಂಬ ಆಚರಣೆ ಹುಟ್ಟುಹಾಕಿದರು. ಅದು ಈಗ ಫೆಬ್ರವರಿಯ ಕೊನೆಯ ಶನಿವಾರ ನಡೆಯುತ್ತದೆ. ಅವರಿಗೆ ಅದು ಚಳಿಗಾಲದ ರಾತ್ರಿ, ನಮಗೆ ಬೇಸಿಗೆ ಕಾಲಿಡುವ ಮುನ್ನಿನ ಕೊನೆಯ ತಂಪು ವಾರ. ಬಿಸಿಗೆ ಸಿಕ್ಕಿ ಕೆಡುವ ಮೊದಲು ತೆರೆಯಲು ಇದಕ್ಕಿಂತ ಒಳ್ಳೆಯ ಗಡುವು ಕರ್ನಾಟಕದಲ್ಲಿ ಸಿಗದು.

ಕೆಲವು ಬಾಟಲಿಗಳು ವೈನಿಗಿಂತ ಹೆಚ್ಚಿನವು. ತೀರಿಕೊಂಡ ಅಪ್ಪ ಕೊಂಡಿಟ್ಟದ್ದು, ಈಗಿಲ್ಲದ ಗೆಳತಿ ಕೊಟ್ಟದ್ದು. ಅದನ್ನು ತೆರೆದರೆ ಕೊನೆಯ ಕೊಂಡಿ ಕಳಚೀತು ಎಂಬ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಅವರು ಕೊಂಡದ್ದು ಕುಡಿಯಲೆಂದು, ನಮ್ಮೊಂದಿಗೆ ಹಂಚಿಕೊಳ್ಳಲೆಂದು. ಅವರನ್ನು ಬಲ್ಲವರು ಸೇರಿದ ಒಂದು ಸಂಜೆ, ಅವರ ಹುಟ್ಟಿದ ದಿನದಂದೇ ಆಗಲಿ, ತೆರೆಯಿರಿ. ಖಾಲಿ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಎಷ್ಟೋ ಲೇಬಲ್ಲುಗಳು ಹರಿಯದೆ ಬಿಟ್ಟುಬರುತ್ತವೆ. ಅದನ್ನು ಬಿರಡೆಯೊಂದಿಗೆ ಇಟ್ಟುಕೊಳ್ಳಬಹುದು. ವೈನ್ ಹಾಳಾಗಿದ್ದರೂ ಆ ಸಂಜೆ ಹಾಳಾಗುವುದಿಲ್ಲ.

ಮಗುವಿನ ಹುಟ್ಟಿದ ವರ್ಷದ ಬಾಟಲಿ ಕೊಂಡು, ಅದು ದೊಡ್ಡವನಾದ ಮೇಲೋ ದೊಡ್ಡವಳಾದ ಮೇಲೋ ತೆರೆಯುವ ಆಸೆ ಇರುವವರು ಆತುರಪಡಬೇಡಿ. ಆ ವರ್ಷದ ಬೋರ್ಡೊ ಅಂಗಡಿಗೆ ಬರುವುದೇ ಎರಡು ಮೂರು ವರ್ಷದ ನಂತರ, ಬರೋಲೊ ನಾಲ್ಕು ವರ್ಷದ ನಂತರ. ಸಾಧ್ಯವಾದರೆ ಒಂದೂವರೆ ಲೀಟರಿನ ಮ್ಯಾಗ್ನಂ ಕೊಳ್ಳಿ. ದೊಡ್ಡ ಬಾಟಲಿಯಲ್ಲಿ ವೈನ್ ನಿಧಾನವಾಗಿ ಮಾಗುತ್ತದೆ, 375 ಮಿಲಿಲೀಟರಿನ ಅರ್ಧ ಬಾಟಲಿಯಲ್ಲಿ ಬೇಗ. ಮನೆಯಲ್ಲಿ ತಂಪಿನ ಏರ್ಪಾಡಿಲ್ಲದಿದ್ದರೆ ಮತ್ತೆ ಮದೀರಾದ ಕಡೆಗೇ ನೋಡಿ. ಅಲ್ಲಿನ ಫ್ರಾಸ್ಕೇರಾ ಎಂಬ ಬಗೆ ಕನಿಷ್ಠ 20 ವರ್ಷ ಪೀಪಾಯಿಯಲ್ಲಿ ಕಳೆದ ನಂತರವೇ ಬಾಟಲಿಗೆ ಬರುತ್ತದೆ. ಮಗು ಬೆಳೆಯುವಷ್ಟು ಕಾಲ ಅದನ್ನು ಕಾಯುವವರು ಅದನ್ನು ಮಾಡಿದವರೇ.

ಎಷ್ಟು ಲೆಕ್ಕ ಹಾಕಿದರೂ ಬಾಟಲಿಯೊಳಗಿನದು ಪೂರ್ತಿ ಗೊತ್ತಾಗುವುದಿಲ್ಲ, ಬಲ್ಲವರಿಗೂ. 1976ರ ಮೇ 24ರಂದು ಪ್ಯಾರಿಸಿನಲ್ಲಿ ಸ್ಟೀವನ್ ಸ್ಪರಿಯರ್ ಏರ್ಪಡಿಸಿದ ರುಚಿ ಪರೀಕ್ಷೆಯಲ್ಲಿ, ಹೆಸರು ಮುಚ್ಚಿಟ್ಟ ಲೋಟಗಳ ನಡುವೆ ಕ್ಯಾಲಿಫೋರ್ನಿಯಾದ ವೈನುಗಳು ಫ್ರಾನ್ಸಿನ ಹೆಸರಾಂತ ವೈನುಗಳನ್ನು ಮೀರಿಸಿದವು. ಆಗ ಎದ್ದ ಆಕ್ಷೇಪ: ಇವು ಎಳೆಯದರಲ್ಲಿ ಚೆನ್ನ, ಫ್ರೆಂಚ್ ವೈನುಗಳಂತೆ ಬಾಳುವುದಿಲ್ಲ. ಮೂವತ್ತು ವರ್ಷದ ನಂತರ, 2006ರಲ್ಲಿ, ಅದೇ ಕೆಂಪು ವೈನುಗಳನ್ನು ಮತ್ತೆ ರುಚಿ ನೋಡಿದಾಗ ಮೊದಲ ಸ್ಥಾನ ಪಡೆದದ್ದು ಕ್ಯಾಲಿಫೋರ್ನಿಯಾದ ರಿಡ್ಜ್ ಮಾಂಟೆ ಬೆಲ್ಲೊ 1971. ಮೊದಲ ಪರೀಕ್ಷೆಯಲ್ಲಿ ಅದು ಐದನೆಯದಾಗಿತ್ತು. ಹಾಗಾಗಿ ಒಂದೇ ವೈನಿನ ಎರಡು ಮೂರು ಬಾಟಲಿ ಕೊಳ್ಳುವುದು ಎಲ್ಲಕ್ಕಿಂತ ಜಾಣತನ. ಒಂದನ್ನು ಈಗ ತೆರೆದರೆ ಉಳಿದವುಗಳ ಬಗ್ಗೆ ಅದೇ ಹೇಳುತ್ತದೆ.

ಐದನೆಯ ಹೆಜ್ಜೆ: ತೆರೆಯುವ ದಿನ

ತೆರೆಯುವುದೆಂದು ತೀರ್ಮಾನವಾದರೆ ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ. ಹತ್ತು ವರ್ಷ ಮೀರಿದ್ದರೆ ಎರಡು ಮೂರು ದಿನ ನಿಂತಿರಲಿ, ಚರಟ ತಳಕ್ಕಿಳಿಯಬೇಕು. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಮಾತು ಯುರೋಪಿನ ಚಳಿಯ ಕೋಣೆಗಳಿಗೆ ಹೇಳಿದ್ದು. ನಮ್ಮಲ್ಲಿ ಅದನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಗೆ ತರಬೇಕು. ಬಿಳಿ ವೈನ್ 8ರಿಂದ 12 ಡಿಗ್ರಿಯಲ್ಲಿರಲಿ. ಒಳ್ಳೆಯ ಬಿಳಿಯನ್ನು ಮಂಜುಗಡ್ಡೆಯಂತೆ ತಣ್ಣಗೆ ಕೊಟ್ಟರೆ ಪರಿಮಳವೇ ಏಳುವುದಿಲ್ಲ.

ಹಳೆಯ ಬಿರಡೆ ಪುಡಿಯಾಗುವುದು ಸಾಮಾನ್ಯ. ಎರಡು ತೆಳು ಲೋಹದ ಪಟ್ಟಿಗಳನ್ನು ಬಿರಡೆಯ ಎರಡೂ ಪಕ್ಕಕ್ಕೆ ಇಳಿಸಿ ತಿರುಗಿಸುತ್ತ ಎಳೆಯುವ ಓಪನರ್ ಸಿಗುತ್ತದೆ, ಇಪ್ಪತ್ತು ವರ್ಷ ಮೀರಿದ ಬಾಟಲಿಗೆ ಅದೇ ಒಳ್ಳೆಯದು. ಬಿರಡೆ ಮುರಿದು ಒಳಗೆ ಬಿದ್ದರೂ ಚಿಂತಿಸಬೇಡಿ, ತೊಳೆದು ಒಣಗಿಸಿದ ತೆಳುಬಟ್ಟೆಯಲ್ಲಿ ಸೋಸಿ. ಎಳೆಯ, ಒಗರಿನ ಕೆಂಪು ವೈನನ್ನು ಅಗಲ ತಳದ ಗಾಜಿನ ಪಾತ್ರೆಗೆ ಸುರಿದು ಒಂದು ಗಂಟೆ ಗಾಳಿಗೆ ಬಿಡಿ. ಹಳೆಯದಕ್ಕೆ ಇದನ್ನು ಮಾಡಬಾರದು. ಅದರ ಪರಿಮಳ ಅರ್ಧ ಗಂಟೆಯಲ್ಲೇ ಹಾರಿಹೋಗಬಹುದು. ಚರಟ ಬೇರ್ಪಡಿಸಲು ಊಟಕ್ಕೆ ಕೂರುವ ಹೊತ್ತಿಗೆ ಮೆಲ್ಲಗೆ ಒಮ್ಮೆ ಸುರಿದು, ಕತ್ತಿನ ಬಳಿ ಮಡ್ಡಿ ಕಾಣಿಸಿದೊಡನೆ ನಿಲ್ಲಿಸಿ.

ಅಡುಗೆಯ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಮೆಣಸಿನಕಾಯಿಯ ಖಾರ ವೈನಿನ ಒಗರನ್ನೂ ಆಲ್ಕೋಹಾಲಿನ ಉರಿಯನ್ನೂ ಎತ್ತಿ ತೋರಿಸುತ್ತದೆ. ಬ್ಯಾಡಗಿ ಮೆಣಸಿನ ಮಟನ್ ಸಾರು, ಮುದ್ದೆ ನನಗೂ ಪ್ರಿಯವೇ, ಆದರೆ ಇಪ್ಪತ್ತು ವರ್ಷದ ಬೋರ್ಡೊ ಅದರ ಮುಂದೆ ನಿಲ್ಲಲಾರದು. ಆ ಸಂಜೆ ಉಪ್ಪು, ಸ್ವಲ್ಪ ಕಾಳುಮೆಣಸು, ಬೆಣ್ಣೆಯಲ್ಲಿ ಹುರಿದ ಮಟನ್ ಇರಲಿ. ಸಸ್ಯಾಹಾರಿಗಳಿಗೆ ಅಣಬೆ, ಹುರಿದ ಬದನೆ, ಗಟ್ಟಿ ಚೀಸ್. ಕಾಚಂಪುಳಿಯ ಹುಳಿ ಇರುವ ಹಂದಿ ಕರಿಗೆ ಹುಳಿ ಚುರುಕಾಗಿರುವ ಎಳೆಯ ಕೆಂಪು ವೈನ್ ಹೊಂದುತ್ತದೆ. ಮಂಗಳೂರಿನ ಮೀನು ಗಸಿಗೆ ತುಸು ಸಿಹಿಯಿರುವ ರೀಸ್ಲಿಂಗಿಗಿಂತ ಒಳ್ಳೆಯ ಜೊತೆ ನನಗೆ ಗೊತ್ತಿಲ್ಲ.

ಪಕ್ಕದಲ್ಲಿ ಇನ್ನೊಂದು ಬಾಟಲಿ ಸಿದ್ಧವಿರಲಿ. ತೆರೆದದ್ದು ಒದ್ದೆ ರಟ್ಟಿನ, ಮುಗ್ಗಿದ ನೆಲಮಾಳಿಗೆಯ ವಾಸನೆ ಹೊಡೆದರೆ ಬಿರಡೆಯಿಂದ ಬರುವ ಟಿಸಿಎ ಎಂಬ ರಾಸಾಯನಿಕ ಕಾರಣ. ಕುಡಿದರೆ ಅಪಾಯವಿಲ್ಲ, ಆದರೆ ರುಚಿ ಸತ್ತಿರುತ್ತದೆ, ಅಡುಗೆಗೂ ಹಾಕಬೇಡಿ. ವಿನೆಗರ್ ವಾಸನೆಯಾದರೂ ಹಾಗೆಯೇ ಬದಿಗಿಡಿ. ಹಣ್ಣಿನ ರುಚಿ ಸೊರಗಿ ಸಪ್ಪೆಯಾಗಿದ್ದರೆ ಮಾತ್ರ ಮಾಂಸ ಬೇಯಿಸಲು ಬಳಸಬಹುದು. ಮೊದಲ ಗುಟುಕಿಗೇ ತೀರ್ಪು ಕೊಡಬೇಡಿ. ತೆರೆದ ಕೂಡಲೇ ಮುಗ್ಗಲಾಗಿ ಕಂಡದ್ದು ಹತ್ತು ನಿಮಿಷದಲ್ಲಿ ಅರಳುವುದುಂಟು. ಟಿಸಿಎ ಆಗಿದ್ದರೆ ಮಾತ್ರ ಹೊತ್ತು ಹೋದಂತೆ ಅದು ಇನ್ನೂ ಎದ್ದು ಕಾಣುತ್ತದೆ.

ಪೂರ್ತಿ ತೆರೆಯದೆ ಒಂದು ಲೋಟ ಮಾತ್ರ ನೋಡುವ ಉಪಾಯವೂ ಇದೆ. 2013ರಲ್ಲಿ ಮಾರುಕಟ್ಟೆಗೆ ಬಂದ ಕೊರಾವಿನ್ ಎಂಬ ಸಾಧನ ಸೂಜಿಯನ್ನು ಬಿರಡೆಯ ಮೂಲಕ ಇಳಿಸಿ ವೈನ್ ತೆಗೆಯುತ್ತದೆ, ಖಾಲಿಯಾದ ಜಾಗಕ್ಕೆ ಆರ್ಗಾನ್ ಅನಿಲ ತುಂಬುತ್ತದೆ. ಹಲವು ಬಾಟಲಿ ಇರುವವರಿಗೆ ಉಪಯುಕ್ತ. ಪುಡಿಯಾಗುವಂಥ ಹಳೆಯ ಬಿರಡೆಗೆ ಬೇಡ. ಒಂದೇ ಬಾಟಲಿಯವರಿಗೂ ಬೇಡ ಎನ್ನುತ್ತೇನೆ. ಗೆಳೆಯರ ನಡುವೆ ಬಾಟಲಿ ಖಾಲಿಯಾಗುವುದರಲ್ಲಿರುವ ಸಂತೋಷ ಸೂಜಿಯ ಮೂಲಕ ಬರುವುದಿಲ್ಲ.

ಉಳಿದರೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಡಿ. ಕೆಂಪಾದರೂ ಸರಿ. ಎಳೆಯದು ಎರಡು ಮೂರು ದಿನ ಇರುತ್ತದೆ, ಹಳೆಯದನ್ನು ಅಂದೇ ಮುಗಿಸಿ. ಅದೇ ವೈನಿನ ಇನ್ನೊಂದು ಬಾಟಲಿ ಮನೆಯಲ್ಲಿದ್ದರೆ ಮಲಗುವ ಮೊದಲು ಎರಡು ಸಾಲು ಬರೆದಿಡಿ. ಒಗರು ಇನ್ನೂ ಬಿಗಿಯಾಗಿತ್ತು, ಹಣ್ಣು ತುಂಬಿತ್ತು ಎಂದಾದರೆ, ಮತ್ತು ತಂಪಾದ ಜಾಗ ಇದ್ದರೆ, ಅದಕ್ಕೆ ಎರಡು ವರ್ಷ ಕೊಡಿ. ಒಗರು ಕರಗಿ ಪರಿಮಳ ಸಮೃದ್ಧವಾಗಿದ್ದರೆ ಈ ವರ್ಷದೊಳಗೆ ತೆರೆಯಿರಿ. ಹಣ್ಣು ಸೊರಗಲು ಶುರುವಾಗಿತ್ತು ಎಂದಾದರೆ ಬರುವ ಶನಿವಾರಕ್ಕೇ ಜನರನ್ನು ಕರೆಯಿರಿ.